ಷೆಂಗೆನ್ ವೀಸಾ ಫೈಲು: ನಾನು ಜೋಡಿಸಿದ ಬಗೆ

ಯೂರೋಪಿನ ಪ್ರವಾಸ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಅಕೌಂಟಿನಲ್ಲಿ ಎಷ್ಟು ದುಡ್ಡಿರಬೇಕು?" ಮನೆಯವರ ಫೈಲು ಜೋಡಿಸಲು ಕೂತಾಗ ನಾನು ಮೊದಲು ಕೈಗೆ ತೆಗೆದುಕೊಂಡದ್ದು ಪಾಸ್‌ಬುಕ್ ಅಲ್ಲ, ಕ್ಯಾಲೆಂಡರ್. ಅರ್ಜಿ ಪರಿಶೀಲಿಸುವ ಅಧಿಕಾರಿ ನಮ್ಮ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಟಿಕೆಟ್, ಹೋಟೆಲ್, ವಿಮೆ, ರಜಾ ಪತ್ರ ನಾಲ್ಕರ ತಾರೀಖೂ ಒಂದಕ್ಕೊಂದು ಹೊಂದಿದರೆ ಅರ್ಧ ಕೆಲಸ ಮುಗಿದಂತೆ.

ಷೆಂಗೆನ್ ವಲಯ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು, ಈಗ ಅದರಲ್ಲಿ 29 ದೇಶಗಳಿವೆ. ಆದರೆ ಅರ್ಜಿ ಯಾವ ದೇಶಕ್ಕೆ ಹಾಕಬೇಕು ಅನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಾನು ಹಾಕಿಕೊಂಡ ಲೆಕ್ಕ ಹೀಗಿತ್ತು: ಮೇ 11ರ ಬೆಳಿಗ್ಗೆ ಜ್ಯೂರಿಕ್, ಸ್ವಿಟ್ಜರ್ಲೆಂಡಿನಲ್ಲಿ 5 ರಾತ್ರಿ, 16ರಿಂದ ಪ್ಯಾರಿಸ್‌ನಲ್ಲಿ 3 ರಾತ್ರಿ, 19ರಿಂದ ರೋಮ್‌ನಲ್ಲಿ 3 ರಾತ್ರಿ, 22ಕ್ಕೆ ವಾಪಸ್. ಹೀಗಾಗಿ ಅರ್ಜಿ ಸ್ವಿಟ್ಜರ್ಲೆಂಡಿಗೆ. ಸ್ವಿಸ್ ಸ್ಲಾಟ್ (ಅರ್ಜಿ ಕೊಡಲು ನಿಗದಿಯಾಗುವ ದಿನ, ಸಮಯ) ಸಿಗಲಿಲ್ಲವೆಂದು ಬೇರೊಂದು ದೇಶದ ಸ್ಲಾಟ್ ಹಿಡಿದು, ಅಲ್ಲಿಗೆ ಸುಳ್ಳು ಹೋಟೆಲ್ ಬುಕ್ ಮಾಡಿ, ವೀಸಾ ಬಂದ ಮೇಲೆ ರದ್ದು ಮಾಡುವವರಿದ್ದಾರೆ. ಗಡಿಯಲ್ಲಿ ಹೋಟೆಲ್ ಕಾಗದ ಕೇಳಿದರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ತಾರೀಖಿನಲ್ಲಿ ಒಂದು ಸಣ್ಣ ಗುಂಡಿ ಇದೆ. ಬೆಂಗಳೂರಿನಿಂದ ಯೂರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಮನೆ ಬಿಡುವುದು 10ರ ರಾತ್ರಿ, ಟಿಕೆಟ್‌ನಲ್ಲಿ ಇರುವುದು 11. ವಾಪಸ್ ಹೊರಡುವುದು 22, ದೇವನಹಳ್ಳಿಯಲ್ಲಿ ಇಳಿಯುವುದು 23. ರಜಾ ಪತ್ರದಲ್ಲಿ 22ಕ್ಕೇ ರಜೆ ಮುಗಿದಿದ್ದರೆ, 23ರ ಬೆಳಿಗ್ಗೆ ಆಫೀಸಿನಲ್ಲಿರಬೇಕಾದ ಮನುಷ್ಯ ಇನ್ನೂ ಆಕಾಶದಲ್ಲಿದ್ದಾನೆ ಎಂದು ಕಾಗದವೇ ಸಾರುತ್ತದೆ. ನಾನು ರಜೆಯನ್ನು 11ರಿಂದ 24ರವರೆಗೆ ಬರೆಸಿದೆ. ವಿಮೆಯನ್ನು ಹೊರಡುವ ದಿನದಿಂದ ಹಿಡಿದು, ವಾಪಸಿನ ನಂತರವೂ ನಾಲ್ಕಾರು ದಿನ ಹೆಚ್ಚಿಗೆ ತೆಗೆದುಕೊಂಡೆ. ವಿಮಾನ ರದ್ದಾದರೆ ಅದು ಬೇಕಾಗುತ್ತದೆ. ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು, ಇಡೀ ಷೆಂಗೆನ್ ವಲಯಕ್ಕೆ ಅನ್ವಯಿಸಬೇಕು, ತುರ್ತು ಚಿಕಿತ್ಸೆಯ ಜೊತೆಗೆ ಊರಿಗೆ ವಾಪಸ್ ಕಳಿಸುವ ಖರ್ಚೂ ಅದರಲ್ಲಿ ಸೇರಿರಬೇಕು.

ಇನ್ನು ಹೆಸರು. ನಮ್ಮ ಕಡೆಯವರ ಫೈಲಿನಲ್ಲಿ ಅತಿ ಹೆಚ್ಚು ತೊಡಕು ಕಾಣುವುದು ಇಲ್ಲಿಯೇ. ಇನಿಷಿಯಲ್ಲಿನಲ್ಲಿ ಊರು, ಅಪ್ಪನ ಹೆಸರು ಎರಡೂ ಅಡಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಉದ್ದವಾಗಿ ನಿಂತಿರುತ್ತವೆ. ಪಾಸ್‌ಪೋರ್ಟಿನಲ್ಲಿ "ಮಂಜುನಾಥ", ಬ್ಯಾಂಕಿನಲ್ಲಿ "ಮಂಜುನಾಥ್": ನಮಗೆ ಎರಡೂ ಒಂದೇ, ಇಂಗ್ಲಿಷಿನಲ್ಲಿ ಕೊನೆಯ ಒಂದು 'ಎ' ಹೆಚ್ಚುಕಡಿಮೆಯಾಗಿ ಬೇರೆ ಮನುಷ್ಯನಂತೆ ಕಾಣುತ್ತದೆ. ನಾನು ಪಾಸ್‌ಪೋರ್ಟನ್ನೇ ಮೂಲವೆಂದು ಹಿಡಿದು ಟಿಕೆಟ್, ಹೋಟೆಲ್, ವಿಮೆ ಎಲ್ಲವನ್ನೂ ಅಕ್ಷರಕ್ಕೆ ಅಕ್ಷರ ಅದರಂತೆಯೇ ಮಾಡಿಸಿದೆ. ಬ್ಯಾಂಕಿನ ಹೆಸರು ಬದಲಿಸಲು ಸಮಯವಿಲ್ಲದಾಗ, ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ ಸೇರಿಸಬಹುದು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ ಇದ್ದರೆ ಆನ್‌ಲೈನ್ ಫಾರ್ಮು, ಟಿಕೆಟ್ ಎರಡರಲ್ಲೂ ಒದ್ದಾಟ ತಪ್ಪದು. ನಾಲ್ಕೈದು ತಿಂಗಳು ಕೈಯಲ್ಲಿದ್ದರೆ ರೀಇಶ್ಯೂ ಮಾಡಿಸಿ ಸರ್‌ನೇಮ್ ಸೇರಿಸಿಕೊಳ್ಳುವುದೇ ವಾಸಿ. ಪಾಸ್‌ಪೋರ್ಟ್ ತೆರೆದಾಗಲೇ ಇನ್ನೂ ಮೂರು ವಿಷಯ ನೋಡಿಬಿಡಿ: ಕೊಟ್ಟು 10 ವರ್ಷ ಮೀರಿರಬಾರದು, ಷೆಂಗೆನ್ ಬಿಟ್ಟು ಹೊರಡುವ ದಿನದ ಆಚೆಗೆ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ಈಗ ದುಡ್ಡಿಗೆ ಬರೋಣ. ಸ್ವಿಟ್ಜರ್ಲೆಂಡ್ ದಿನಕ್ಕೆ ಒಬ್ಬರಿಗೆ 100 ಫ್ರಾಂಕ್ ಎಂದು ಲೆಕ್ಕ ಹಿಡಿಯುತ್ತದೆ. ನಮ್ಮ 12 ದಿನಕ್ಕೆ ತಲೆಗೆ 1200 ಫ್ರಾಂಕ್. ಆದರೆ ಕೊನೆಯ ಸಾಲಿನ ಬ್ಯಾಲೆನ್ಸ್‌ಗಿಂತ ಮುಖ್ಯವಾದದ್ದು ಸ್ಟೇಟ್‌ಮೆಂಟಿನ ನಡಿಗೆ. ತಿಂಗಳ ಮೊದಲ ದಿನ ಸಂಬಳ ಬಂದು, ಬಾಡಿಗೆ ಹೋಗಿ, ದಿನಸಿ ಹೋಗಿ, ಕೊನೆಗೆ ಒಂದಷ್ಟು ಉಳಿದು, ಮುಂದಿನ ತಿಂಗಳೂ ಅದೇ ಆದರೆ ನಂಬಿಕೆ ಬರುತ್ತದೆ. ಐದು ತಿಂಗಳು ಹದಿನೆಂಟು ಸಾವಿರದ ಆಸುಪಾಸಿನಲ್ಲಿ ಓಡಾಡಿದ ಖಾತೆಗೆ ಅರ್ಜಿಯ ಹಿಂದಿನ ವಾರ ಮೂರು ಲಕ್ಷ ಬಂದು ಬಿದ್ದರೆ, ಸಾಲ ತಂದು ತೋರಿಸಿದ್ದಾರೆ ಎಂದೇ ಓದಿಕೊಳ್ಳುತ್ತಾರೆ. ಚೀಟಿ ಎತ್ತಿದ ದುಡ್ಡು, ಎಫ್‌ಡಿ ಮುರಿಸಿದ್ದು, ಸೈಟು ಮಾರಿದ್ದು, ಹೀಗೆ ನಿಜವಾದ ಮೂಲ ಇದ್ದರೆ ಆ ನಮೂದಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಅದರ ದಾಖಲೆಯನ್ನು ಹಿಂದೆಯೇ ಲಗತ್ತಿಸಿ. ಸ್ಟೇಟ್‌ಮೆಂಟ್ ಮನೆಯ ಪ್ರಿಂಟರಿನಲ್ಲಿ ತೆಗೆದರೆ ಸಾಲದು, ಬ್ಯಾಂಕಿನ ಸೀಲು ಮತ್ತು ಸಹಿ ಬೇಕು. ಎಷ್ಟು ತಿಂಗಳದ್ದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ನಾನು ಆರು ತಿಂಗಳದ್ದನ್ನೇ ತೆಗೆಸುತ್ತೇನೆ. ಜೊತೆಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಐಟಿಆರ್ (ಆದಾಯ ತೆರಿಗೆ ರಿಟರ್ನ್).

ಊರಿನ ಅಪ್ಪ ಅಮ್ಮನ ಫೈಲು ಇದಕ್ಕಿಂತ ಬೇರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಐಟಿಆರ್ ಇರುವುದಿಲ್ಲ, ಸ್ಯಾಲರಿ ಸ್ಲಿಪ್ ಅಂತೂ ಇಲ್ಲವೇ ಇಲ್ಲ. ಅವರ ಕಡೆಯಿಂದ ಪಹಣಿ, ಎಪಿಎಂಸಿಯ ಮಾರಾಟದ ರಸೀದಿ, ಡೇರಿ ಸೊಸೈಟಿಯ ಹಾಲಿನ ಬಟವಾಡೆ ಜಮಾ ಆಗುವ ಪಾಸ್‌ಬುಕ್, ಪಿಂಚಣಿ ಇದ್ದರೆ ಅದರ ಆದೇಶ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ, ಮೂಲದ ಜೆರಾಕ್ಸ್ ಕೆಳಗಿಟ್ಟು ಪಿನ್ ಮಾಡಬೇಕು. ಖರ್ಚು ಮಗ ಅಥವಾ ಮಗಳು ಭರಿಸುವುದಾದರೆ ಅವರ ಪತ್ರ, ಅವರ ಬ್ಯಾಂಕಿನ ಕಾಗದ, ಸಂಬಂಧ ತೋರಿಸುವ ದಾಖಲೆ ಸೇರುತ್ತವೆ. ಪಹಣಿ ಬರೀ ಆಸ್ತಿ ತೋರಿಸಲು ಅಲ್ಲ. ಊರಿಗೆ ವಾಪಸ್ ಬರಲು ಕಾರಣವಿದೆ ಎಂದು ಅದರಷ್ಟು ಗಟ್ಟಿಯಾಗಿ ಹೇಳುವ ಕಾಗದ ಅವರ ಬಳಿ ಬೇರೆ ಯಾವುದೂ ಇರುವುದಿಲ್ಲ.

ಹೋಟೆಲನ್ನು ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲಿ ಬುಕ್ ಮಾಡಿದೆ. ಇಲ್ಲಿ ಆಗುವ ತಪ್ಪೆಂದರೆ, ಬುಕಿಂಗ್ ಕಾಗದದಲ್ಲಿ ಒಬ್ಬರ ಹೆಸರು, ಕೆಳಗೆ "ಇಬ್ಬರು ವಯಸ್ಕರು" ಅಂತಷ್ಟೇ. ಎರಡನೆಯವರ ಅರ್ಜಿಗೆ ಆ ಕಾಗದ ಸಾಕ್ಷಿಯಾಗುವುದಿಲ್ಲ. ಹೋಟೆಲಿಗೆ ಬರೆದು ಎಲ್ಲರ ಹೆಸರೂ ಹಾಕಿಸಿಕೊಳ್ಳಿ. ಕೆಲವು ಏಜೆಂಟರು ಬರೀ ತೋರಿಕೆಗೆಂದು ಕೊಡುವ ಡಮ್ಮಿ ಟಿಕೆಟ್ ನನಗೆ ಸರಿಬರುವುದಿಲ್ಲ. ಅದರ ಪಿಎನ್‌ಆರ್ ಕೆಲವೇ ದಿನಗಳಲ್ಲಿ ಸತ್ತುಹೋಗುತ್ತದೆ, ಫೈಲು ತೆರೆಯುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ. ರೀಫಂಡ್ ಸಿಗುವ ಟಿಕೆಟ್ಟಿಗೆ ದರ ಜಾಸ್ತಿ ನಿಜ, ಆದರೆ ನಿದ್ದೆ ಬರುತ್ತದೆ.

ಕವರ್ ಲೆಟರ್ ಒಂದೇ ಪುಟ. ಯಾರು ಯಾರು ಹೋಗುತ್ತೇವೆ, ಯಾವ ದಿನ ಯಾವ ಊರು, ಊರಿಂದೂರಿಗೆ ರೈಲೋ ವಿಮಾನವೋ, ಖರ್ಚು ಯಾರದು, ವಾಪಸ್ ಯಾವಾಗ, ಯಾಕೆ ಬಂದೇ ಬರುತ್ತೇವೆ. ಆಲ್ಪ್ಸ್ ಪರ್ವತದ ವರ್ಣನೆ ಬೇಡ.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚೆಯಿಂದ 15 ದಿನ ಮುಂಚಿನವರೆಗೆ ಕೊಡಬಹುದು. ಸಾಮಾನ್ಯ ಅವಧಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಏಪ್ರಿಲ್, ಮೇ ಸ್ಲಾಟುಗಳು ಬೇಸಿಗೆ ರಜೆಗೆಂದು ಬೇಗ ತುಂಬುವುದರಿಂದ ಮೇ ಪ್ರವಾಸಕ್ಕೆ ಫೆಬ್ರುವರಿಯಲ್ಲೇ ಕೊಟ್ಟುಬಿಡುವುದು ಕ್ಷೇಮ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದರೆ ಹಣ ವಾಪಸ್ ಬರುವುದಿಲ್ಲ. ಕೇಂದ್ರದಲ್ಲಿ ಪ್ರೀಮಿಯಂ ಲೌಂಜ್, ಎಸ್‌ಎಂಎಸ್, ಕೊರಿಯರ್ ಅಂತ ಕೇಳುತ್ತಾರೆ. ಕೊರಿಯರ್ ಒಂದು ಉಪಯೋಗಕ್ಕೆ ಬರುತ್ತದೆ. ಲೌಂಜಿನಲ್ಲಿ ಕೂತವರಿಗೆ ವೀಸಾ ಸುಲಭವಾಗಿ ಸಿಗುತ್ತದೆ ಎಂದೇನಿಲ್ಲ, ತೀರ್ಮಾನ ಮಾಡುವವರು ದೂತಾವಾಸದವರು.

ಫೋಟೊ 35 x 45 ಮಿಲಿಮೀಟರ್, ಆರು ತಿಂಗಳೊಳಗಿನದು, ತಿಳಿ ಹಿನ್ನೆಲೆ. ಸ್ಟುಡಿಯೊದವರಿಗೆ ಮುಖ ಬೆಳ್ಳಗೆ ಮಾಡಬೇಡಿ ಎಂದು ಮೊದಲೇ ಹೇಳಿ, ಹೇಳದಿದ್ದರೆ ಮಾಡೇ ಮಾಡುತ್ತಾರೆ. 12 ವರ್ಷ ಮೀರಿದವರು ಬೆರಳಚ್ಚು ಕೊಡಬೇಕು. ಮದುವೆಯ ಮೆಹಂದಿ ಇನ್ನೂ ಆರದ ಕೈಗಳು, ಹೊಲದಲ್ಲಿ ದುಡಿದು ಗೆರೆ ಸವೆದ ಬೆರಳುಗಳು ಯಂತ್ರಕ್ಕೆ ಬೇಗ ಸಿಗುವುದಿಲ್ಲ. ಅಮ್ಮನ ಕೈಗೆ ಒಂದು ವಾರ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಸಿದೆ, ಆ ದಿನ ಬೆಳಿಗ್ಗೆ ಮಾತ್ರ ಸೋಪು ಹಾಕಿ ಚೆನ್ನಾಗಿ ತೊಳೆಸಿದೆ. ಒಮ್ಮೆ ಕೊಟ್ಟ ಅಚ್ಚನ್ನು 59 ತಿಂಗಳೊಳಗಿನ ಮುಂದಿನ ಅರ್ಜಿಗೂ ಬಳಸಿಕೊಳ್ಳಬಹುದು.

ಪಾಸ್‌ಪೋರ್ಟ್ ವಾಪಸ್ ಬಂದ ಕೂಡಲೇ ಸ್ಟಿಕ್ಕರ್ ಓದಿ. ಮೊದಲು ಹೆಸರು, ಪಾಸ್‌ಪೋರ್ಟ್ ಸಂಖ್ಯೆ. ಆಮೇಲೆ ತಾರೀಖಿನ ಅವಧಿ ಮತ್ತು ಇರಬಹುದಾದ ದಿನಗಳು: ಇವೆರಡೂ ಬೇರೆ. ಅವಧಿಗೆ ಸಾಮಾನ್ಯವಾಗಿ 15 ದಿನ ಹೆಚ್ಚಿಗೆ ಸೇರಿಸಿರುತ್ತಾರೆ. ಮೇ 11ರಿಂದ ಜೂನ್ 6 ಎಂದಿದ್ದು ದಿನಗಳ ಜಾಗದಲ್ಲಿ 12 ಎಂದಿದ್ದರೆ, ಇರಬಹುದಾದದ್ದು 12 ದಿನ ಮಾತ್ರ. ಪ್ರವೇಶದ ಜಾಗದಲ್ಲಿ 01 ಇದ್ದರೆ ಒಮ್ಮೆ ಹೊರಗೆ ಕಾಲಿಟ್ಟರೆ ಮುಗಿಯಿತು. ಪ್ಯಾರಿಸ್‌ನಿಂದ ಲಂಡನ್ನಿಗೆ ಎರಡು ದಿನ ಹೋಗಿ ರೋಮ್‌ಗೆ ಬರುತ್ತೇವೆ ಎಂದರೆ ಆಗದು, ಬ್ರಿಟನ್ ಷೆಂಗೆನ್ ಅಲ್ಲ, ಅದಕ್ಕೆ ವೀಸಾ ಬೇರೆ. ಅಂಥ ಯೋಜನೆ ಇದ್ದರೆ ಅರ್ಜಿಯಲ್ಲೇ ಬಹು ಪ್ರವೇಶ ಕೇಳಿ ಕವರ್ ಲೆಟರಿನಲ್ಲಿ ಕಾರಣ ಬರೆಯಬೇಕು. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಬಂದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹು ಪ್ರವೇಶ ವೀಸಾ ಸಿಗಬಹುದು. ಹಾಗಾಗಿ ಹಳೆಯ ಪಾಸ್‌ಪೋರ್ಟುಗಳನ್ನು ಎಸೆಯಬೇಡಿ, ಹಳೆಯ ಸ್ಟಿಕ್ಕರಿನ ಜೆರಾಕ್ಸ್ ಫೈಲಿನಲ್ಲಿರಲಿ.

ದಿನ ಎಣಿಸುವಾಗ ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಮುಖ ಮತ್ತು ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಠಸ್ಸೆ ಮಸುಕಾಗಿತ್ತು, ಒಂದು ದಿನ ತಪ್ಪಿ ಎಣಿಸಿದೆವು ಎಂಬ ಮಾತು ಅದರ ಮುಂದೆ ನಡೆಯುವುದಿಲ್ಲ.