ದಿನನಿತ್ಯದ ಓಡಾಟಕ್ಕೆ ಬೈಕ್: ಷೋರೂಮಿಗೆ ಹೋಗುವ ಮೊದಲು ನಿಮ್ಮ ರಸ್ತೆಯನ್ನು ಅಳೆಯಿರಿ

ಬೈಕ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಸಿಸಿ?’ ಎಂದು, ಅದರ ಬೆನ್ನಿಗೇ ‘ಮೈಲೇಜ್ ಎಷ್ಟು ಕೊಡುತ್ತದೆ?’ ಎಂದು. ಎರಡೂ ಕೇಳಬೇಕಾದ ಪ್ರಶ್ನೆಗಳೇ, ಆದರೆ ಅವುಗಳ ಸರದಿ ಸ್ವಲ್ಪ ತಡವಾಗಿ ಬರಬೇಕು. ದಿನವೂ ಕೆಲಸಕ್ಕೆ ಹೋಗಿಬರುವ ಬೈಕು ತನ್ನ ಆಯುಷ್ಯದ ಬಹುಪಾಲನ್ನು ಎರಡನೇ ಮತ್ತು ಮೂರನೇ ಗೇರಿನಲ್ಲಿ, ಮುಂದಿನ ವಾಹನದ ಹಿಂಬದಿ ದೀಪವನ್ನು ನೋಡುತ್ತಲೇ ಕಳೆಯುತ್ತದೆ. ನಿರ್ಜನವಾದ ಘಟ್ಟದ ತಿರುವಿನಲ್ಲಿ ಬೈಕು ವಾಲಿಕೊಂಡು ಹೋಗುವ ಜಾಹೀರಾತನ್ನು ಮೆಚ್ಚಿ ಕೊಂಡವರಿಗೆ ಈ ಸಂಗತಿ ಮೊದಲ ತಿಂಗಳಲ್ಲೇ ಅರಿವಾಗುತ್ತದೆ. ನಿಧಾನವಾಗಿ ಸಾಗುವಾಗ, ನಿಂತು ಮತ್ತೆ ಹೊರಡುವಾಗ, ಕೈಯಿಂದ ತಳ್ಳುವಾಗ ಬೈಕು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ.

ಒಂದು ವಾರದ ಲೆಕ್ಕ

ಮೊದಲು ಮಾಡಬೇಕಾದ ಕೆಲಸ ನಿಮ್ಮ ದಾರಿಯನ್ನು ಬರೆದಿಟ್ಟುಕೊಳ್ಳುವುದು. ಈಗ ಬಸ್ಸಿನಲ್ಲಿ ಹೋಗುತ್ತಿರಲಿ, ಬೇರೊಬ್ಬರ ವಾಹನದಲ್ಲಿ ಹೋಗುತ್ತಿರಲಿ, ಒಂದು ವಾರ ಪ್ರತಿದಿನವೂ ಎಷ್ಟು ಕಿ.ಮೀ. ಸಾಗಿದಿರಿ, ಎಷ್ಟು ನಿಮಿಷ ಹಿಡಿಯಿತು, ಎಷ್ಟು ಸಲ ಪೂರ್ತಿ ನಿಲ್ಲಬೇಕಾಯಿತು, ಎಲ್ಲಿ ಏರು, ಎಲ್ಲಿ ಗುಂಡಿ, ಎಲ್ಲಿ ಮಳೆನೀರು ನಿಲ್ಲುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. 12 ಕಿ.ಮೀ. ದಾರಿಗೆ 40 ನಿಮಿಷ ಹಿಡಿಯುತ್ತಿದ್ದರೆ ನಿಮ್ಮ ಸರಾಸರಿ ವೇಗ ಗಂಟೆಗೆ 18 ಕಿ.ಮೀ. ಅಷ್ಟೇ. ಆ ವೇಗದ ದಾರಿಯಲ್ಲಿ ಬೈಕಿನ ಗರಿಷ್ಠ ವೇಗ 90 ಆಗಿದ್ದರೂ 130 ಆಗಿದ್ದರೂ ನೀವು ಮನೆ ಮುಟ್ಟುವ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಅದೇ 12 ಕಿ.ಮೀ. ದಾರಿಯನ್ನು 15 ನಿಮಿಷದಲ್ಲಿ ಕ್ರಮಿಸುವವರು ಹೆದ್ದಾರಿಯ ಸವಾರರು; ಲಾರಿಯನ್ನು ಧೈರ್ಯವಾಗಿ ಹಿಂದೆ ಹಾಕುವ ಶಕ್ತಿ, ಎದುರುಗಾಳಿಗೆ ಅಲುಗಾಡದ ಸ್ಥಿರತೆ ಅವರಿಗೆ ಬೇಕೇ ಬೇಕು.

ಜೊತೆಗೆ ಹಿಂದೆ ಯಾರು ಕೂರುತ್ತಾರೆ, ವಾರಕ್ಕೆ ಎಷ್ಟು ದಿನ ಕೂರುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಒಬ್ಬರೇ ಓಡಿಸಿ ನೋಡಿ ಮೆಚ್ಚಿದ ಬೈಕು ಇಬ್ಬರು ಕೂತಾಗ ಏರಿನಲ್ಲಿ ಏದುಸಿರು ಬಿಡುವುದುಂಟು.

ಸಿಸಿ ಮತ್ತು ಎಳೆತ

ಒಬ್ಬರೇ ಓಡಾಡುವ, ಸಮತಟ್ಟಾದ, ದಟ್ಟಣೆಯ ದಾರಿಗೆ 100ರಿಂದ 110 ಸಿಸಿ ಎಂಜಿನ್ ಸಾಕು. ಏರುದಾರಿ ಇದ್ದರೆ, ಹಿಂಬದಿ ಸವಾರರು ದಿನವೂ ಇದ್ದರೆ 125 ಸಿಸಿ ಹೆಚ್ಚು ನೆಮ್ಮದಿ ಕೊಡುತ್ತದೆ. ಪ್ರತಿದಿನ ಹೆದ್ದಾರಿಯಲ್ಲಿ ಹತ್ತಿಪ್ಪತ್ತು ಕಿ.ಮೀ. ಸಾಗಬೇಕಾದವರು 150 ಅಥವಾ 160 ಸಿಸಿಯತ್ತ ನೋಡುವುದು ಸರಿ. ಅದಕ್ಕಿಂತ ದೊಡ್ಡ ಎಂಜಿನ್ ಬೇಕೆನ್ನುವವರು ಅದು ದಿನದ ಅಗತ್ಯಕ್ಕೋ ಮನಸ್ಸಿನ ಆಸೆಗೋ ಎಂಬುದನ್ನು ತಮ್ಮಲ್ಲೇ ಕೇಳಿಕೊಳ್ಳಬೇಕು. ಆಸೆಯೂ ತಪ್ಪಲ್ಲ, ಅದಕ್ಕೆ ‘ಅಗತ್ಯ’ ಎಂಬ ಹೆಸರಿಡುವುದು ಮಾತ್ರ ದುಬಾರಿ.

ಸಿಸಿಗಿಂತ ಮುಖ್ಯವಾದ ಅಂಕಿಯೊಂದು ವಿವರಪಟ್ಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಎಳೆತ. ಅದು ಎಷ್ಟು ನ್ಯೂಟನ್ ಮೀಟರ್ ಎಂಬುದರ ಜೊತೆಗೆ ಎಷ್ಟು ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳಲ್ಲಿ) ಸಿಗುತ್ತದೆ ಎಂಬುದನ್ನೂ ಓದಬೇಕು. ಒಂದೇ ಪ್ರಮಾಣದ ಟಾರ್ಕ್ ಇರುವ ಎರಡು ಬೈಕುಗಳ ಪೈಕಿ ಒಂದು ಅದನ್ನು 5,500 ಆರ್‌ಪಿಎಂನಲ್ಲೂ ಇನ್ನೊಂದು 8,000ದಲ್ಲೂ ಕೊಡುತ್ತಿದ್ದರೆ, ಸಾಮಾನ್ಯವಾಗಿ ಮೊದಲನೆಯದು ಗೇರ್ ಇಳಿಸದೆಯೇ ರಸ್ತೆಯ ಉಬ್ಬನ್ನು ದಾಟಿ ಮುಂದೆ ಸಾಗುತ್ತದೆ. ಎರಡನೆಯದಕ್ಕೆ ಪದೇ ಪದೇ ಗೇರ್ ಇಳಿಸಿ, ಎಕ್ಸಿಲರೇಟರ್ ತಿರುವಿ ಎಬ್ಬಿಸಬೇಕಾಗುತ್ತದೆ. ದಿನಕ್ಕೆ ಇಂಥ ನೂರು ಸಂದರ್ಭಗಳು ಬಂದರೆ ದಣಿಯುವುದು ಎಡಗೈ. ಆದ್ದರಿಂದ ಕ್ಲಚ್ ಲಿವರ್ ಎಷ್ಟು ಹಗುರ ಎಂಬುದನ್ನು ಎರಡು ಬೆರಳಿನಿಂದ ಹತ್ತಾರು ಸಲ ಒತ್ತಿ ನೋಡಬೇಕು. 1958ರಲ್ಲಿ 49 ಸಿಸಿ ಎಂಜಿನ್‌ನೊಂದಿಗೆ ಬಂದ ಹೋಂಡಾ ಸೂಪರ್ ಕಬ್‌ಗೆ ಕ್ಲಚ್ ಲಿವರ್ರೇ ಇರಲಿಲ್ಲ. ಕ್ಲಚ್ ತಾನಾಗಿ ಕೆಲಸ ಮಾಡುತ್ತಿತ್ತು. ಆ ಬೈಕಿನ ಬೇರೆ ಬೇರೆ ಮಾದರಿಗಳ ಒಟ್ಟು ತಯಾರಿಕೆ 2017ರಲ್ಲಿ 10 ಕೋಟಿ ದಾಟಿತು. ಜಗತ್ತಿನ ಜನ ದಿನದ ಓಡಾಟಕ್ಕೆ ಏನನ್ನು ಕೇಳುತ್ತಾರೆ ಎಂಬುದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ.

ಮೈಲೇಜಿನ ಒಳಗುಟ್ಟು

ಮೈಲೇಜ್ ಹೆಚ್ಚಿದಷ್ಟೂ ಉಳಿತಾಯ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ತಿಂಗಳಿಗೆ 1,000 ಕಿ.ಮೀ. ಓಡುವ ಬೈಕನ್ನು ಉದಾಹರಣೆಗೆ ತೆಗೆದುಕೊಳ್ಳಿ. ಲೀಟರಿಗೆ 30 ಕಿ.ಮೀ. ಕೊಡುವ ಬೈಕು 33.3 ಲೀಟರ್ ಪೆಟ್ರೋಲ್ ಕುಡಿಯುತ್ತದೆ, 40 ಕೊಡುವ ಬೈಕು 25 ಲೀಟರ್. ಉಳಿತಾಯ ಎಂಟು ಲೀಟರಿಗೂ ಹೆಚ್ಚು. ಆದರೆ 60 ಕೊಡುವ ಬೈಕನ್ನು ಬಿಟ್ಟು 70 ಕೊಡುವುದನ್ನು ಕೊಂಡರೆ ಉಳಿಯುವುದು ಸುಮಾರು 2.4 ಲೀಟರ್ ಮಾತ್ರ. ಎರಡೂ ಕಡೆ ಹತ್ತೇ ಕಿ.ಮೀ. ಅಂತರ, ಫಲ ಮಾತ್ರ ಬೇರೆ. ಹೀಗಾಗಿ ಈಗಾಗಲೇ ಒಳ್ಳೆಯ ಮೈಲೇಜ್ ಕೊಡುವ ಎರಡು ಬೈಕುಗಳ ನಡುವೆ ತೂಗುತ್ತಿರುವಾಗ ಆ ಎರಡು ಲೀಟರಿಗಾಗಿ ಒಳ್ಳೆಯ ಬ್ರೇಕನ್ನೋ ಒಳ್ಳೆಯ ಸೀಟನ್ನೋ ಬಿಟ್ಟುಕೊಡುವುದು ಜಾಣತನವಲ್ಲ.

ಕಂಪನಿ ಹೇಳುವ ಅಂಕಿ ನಿಗದಿತ ಪರೀಕ್ಷಾ ಸ್ಥಿತಿಯದು. ನಿಮ್ಮ ರಸ್ತೆಯ ಲೆಕ್ಕಕ್ಕೆ, ಅದೇ ಬೈಕನ್ನು ನಿಮ್ಮಂಥದ್ದೇ ದಾರಿಯಲ್ಲಿ ಓಡಿಸುವ ಪರಿಚಿತರನ್ನು ಕೇಳಿ. ಅವರೂ ಟ್ಯಾಂಕ್ ಪೂರ್ತಿ ತುಂಬಿಸಿ, ಕೆಲವು ನೂರು ಕಿ.ಮೀ. ಓಡಿಸಿ, ಮತ್ತೆ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರಿನಿಂದ ದೂರವನ್ನು ಭಾಗಿಸಿ ಹೇಳುತ್ತಿದ್ದರೆ ಮಾತ್ರ ನಂಬಿ.

ಮೈಗೆ ಒಪ್ಪಬೇಕು

ಈ ಹಂತವನ್ನು ನಾನು ಒಮ್ಮೆ ಹಾರಿಸಿ ಅನುಭವಿಸಿದ್ದೇನೆ. ಹ್ಯಾಂಡಲ್ ತಗ್ಗಿದ್ದು ಕಾಲಿಡುವ ಜಾಗ ಹಿಂದಕ್ಕಿದ್ದ, ನೋಡಲು ಬಹಳ ಚೆಂದದ ಬೈಕೊಂದನ್ನು ಐದು ನಿಮಿಷ ಓಡಿಸಿ ಕೊಂಡುಬಿಟ್ಟೆ. ಮೂರನೇ ವಾರಕ್ಕೆ ಎಡ ಮಣಿಕಟ್ಟು ನೋಯತೊಡಗಿತು. ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತಿದ್ದುದರಿಂದ ಕೆಲಸದ ಜಾಗ ತಲುಪಿದಾಗ ಪೆನ್ನು ಹಿಡಿಯಲೂ ಬೇಸರವಾಗುತ್ತಿತ್ತು. ಓಟದ ವೇಗದಲ್ಲಿ ಗಾಳಿಯೇ ಎದೆಯನ್ನು ಎತ್ತಿಹಿಡಿಯುತ್ತದೆ, ದಟ್ಟಣೆಯಲ್ಲಿ ಆ ಕೆಲಸ ಮಣಿಕಟ್ಟಿನ ಪಾಲಾಗುತ್ತದೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಆದ್ದರಿಂದ ಬೈಕಿನ ಮೇಲೆ ಕೂತು, ದಿನವೂ ಹಾಕುವ ಚಪ್ಪಲಿ ಅಥವಾ ಶೂನಲ್ಲೇ ಎರಡೂ ಪಾದಗಳನ್ನು ನೆಲಕ್ಕೆ ಊರಿ ನೋಡಿ. ಇಂಥ ಬೈಕುಗಳ ಸೀಟಿನ ಎತ್ತರ ಸಾಮಾನ್ಯವಾಗಿ 780ರಿಂದ 810 ಮಿ.ಮೀ. ಇರುತ್ತದೆ, ಆದರೆ ಅಂಕಿ ಒಂದೇ ಆದರೂ ಸೀಟು ಅಗಲವಾಗಿದ್ದರೆ ಕಾಲು ಮುಟ್ಟುವುದಿಲ್ಲ, ಮುಂಭಾಗ ಕಿರಿದಾಗಿದ್ದರೆ ಮುಟ್ಟುತ್ತದೆ. ಬೆನ್ನು ನೆಟ್ಟಗಿರಬೇಕು, ಮೊಣಕೈ ತುಸು ಮಡಚಿರಬೇಕು, ಮೊಣಕಾಲು ಟ್ಯಾಂಕಿಗೆ ತಾಗಿ ಕೂರಬೇಕು.

ಬಳಿಕ ಇಳಿದು, ಎಂಜಿನ್ ಆರಿಸಿ, ಬೈಕನ್ನು ಹಿಂದಕ್ಕೆ ತಳ್ಳಿ. ಸಾಧ್ಯವಾದರೆ ಸ್ವಲ್ಪ ಇಳಿಜಾರಿನ ಜಾಗದಲ್ಲಿ, ಮೇಲ್ಮುಖವಾಗಿ ತಳ್ಳಿ. 115 ಕೆ.ಜಿ. ಮತ್ತು 150 ಕೆ.ಜಿ. ನಡುವಿನ ಅಂತರ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಸಂಜೆ ಒತ್ತೊತ್ತಾಗಿ ನಿಂತ ವಾಹನಗಳ ನಡುವಿನಿಂದ ಹ್ಯಾಂಡಲನ್ನು ಪೂರ್ತಿ ತಿರುಗಿಸಿ ಎಳೆಯುವಾಗ ಅದು ಸೊಂಟಕ್ಕೆ ಗೊತ್ತಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿಯೂ ನೋಡಿ. ಕೆಲವು ಬೈಕುಗಳಲ್ಲಿ ಅದು ಇರುವುದೇ ಇಲ್ಲ. ಹಿಂದಿನ ಚಕ್ರವನ್ನು ತಿರುಗಿಸುತ್ತ ಚೈನಿಗೆ ಪ್ರತಿ 500ರಿಂದ 1,000 ಕಿ.ಮೀ.ಗೊಮ್ಮೆ ಎಣ್ಣೆ ಬಿಡಬೇಕಾದವರಿಗೆ ಅದರ ಬೆಲೆ ತಿಳಿದಿರುತ್ತದೆ.

ಬ್ರೇಕ್ ಮತ್ತು ಟೈರು

ಇಲ್ಲಿ ಜಿಪುಣತನ ಬೇಡ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಂದೆ ಡಿಸ್ಕ್, ಅದಕ್ಕೆ ಎಬಿಎಸ್ ಇರುವ ಮಾದರಿ ಕೈಗೆಟುಕುವಂತಿದ್ದರೆ ಬಣ್ಣ, ಪರದೆ, ಬ್ಲೂಟೂತ್ ಎಲ್ಲವನ್ನೂ ಬಿಟ್ಟು ಅದನ್ನು ಆರಿಸಿ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ಎಬಿಎಸ್ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಸಿಬಿಎಸ್ ಎಂಬುದು ಬೇರೆ: ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಗಳಿಗೆ ಹಂಚುತ್ತದೆ, ಆದರೆ ಚಕ್ರ ಬಿಗಿಯುವುದನ್ನು ತಡೆಯುವುದಿಲ್ಲ. ಮಾರಾಟಗಾರರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಬಿಡಿಸಿ ಕೇಳಿ.

ಟೈರು ಟ್ಯೂಬ್‌ಲೆಸ್ ಆಗಿದ್ದರೆ ಒಳ್ಳೆಯದು. ಮೊಳೆ ಚುಚ್ಚಿದರೂ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಇಳಿಯುವುದರಿಂದ ಪಂಕ್ಚರ್ ಅಂಗಡಿಯವರೆಗೆ ತಲುಪಬಹುದು.

ಓಡಿಸಿ ನೋಡುವ ಬಗೆ

ಟೆಸ್ಟ್ ರೈಡ್ ಅನ್ನು ಖಾಲಿ ರಸ್ತೆಯಲ್ಲಿ, ಭಾನುವಾರ ಬೆಳಿಗ್ಗೆ ಮಾಡಿದರೆ ಪ್ರಯೋಜನ ಕಡಿಮೆ. ಕೆಲಸದ ದಿನ, ದಟ್ಟಣೆಯ ಹೊತ್ತಿನಲ್ಲಿ, ಸಾಧ್ಯವಾದರೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಮೂರು ಕೆಲಸ ತಪ್ಪದೆ ಮಾಡಿ: ಕಾಲು ನೆಲಕ್ಕೆ ತಾಗಿಸದೆ ಕಿರಿದಾದ ಜಾಗದಲ್ಲಿ ಯು-ಟರ್ನ್ ತೆಗೆದುಕೊಳ್ಳಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ, ದಿನವೂ ಸಾಗುವ ವೇಗದಲ್ಲಿ ಹಿಡಿಕೆ ಮತ್ತು ಕಾಲಿಡುವ ಜಾಗ ನಡುಗುತ್ತವೆಯೇ, ಕನ್ನಡಿಯಲ್ಲಿ ಹಿಂದಿನ ವಾಹನ ಸ್ಪಷ್ಟವಾಗಿ ಕಾಣುತ್ತದೆಯೇ ನೋಡಿ. ಹತ್ತು ನಿಮಿಷ ದಟ್ಟಣೆಯಲ್ಲಿ ಸಾಗಿದ ಮೇಲೆ ಎಂಜಿನ್ನಿನ ಬಿಸಿ ಮೊಣಕಾಲಿಗೆ ಎಷ್ಟು ತಾಗುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ವಿದ್ಯುತ್ ಬೈಕನ್ನು ನೋಡುತ್ತಿರುವವರಿಗೂ ಇದೇ ಕ್ರಮ ಸಲ್ಲುತ್ತದೆ. ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುವುದು, ಕ್ಲಚ್ ಇಲ್ಲದಿರುವುದು ದಟ್ಟಣೆಗೆ ಹೇಳಿ ಮಾಡಿಸಿದಂತಿದೆ. ರಾತ್ರಿ ಚಾರ್ಜ್ ಮಾಡಲು ನಿಮ್ಮದೇ ಆದ ಜಾಗ ಇದೆಯೇ ಎಂಬುದೊಂದೇ ನಿರ್ಣಾಯಕ ಪ್ರಶ್ನೆ.

ಹಳೆಯ ಬೈಕಾದರೆ

ನೀವು ಬರುವ ಮೊದಲೇ ಎಂಜಿನ್ ಸ್ಟಾರ್ಟ್ ಮಾಡಿಡಬಾರದೆಂದು ಮಾಲೀಕರಿಗೆ ತಿಳಿಸಿ, ಹೋದೊಡನೆ ಎಂಜಿನ್ನಿನ ಹತ್ತಿರ ಕೈ ಒಡ್ಡಿ ನೋಡಿ. ಬಿಸಿ ಇದ್ದರೆ ತಣ್ಣಗಿದ್ದಾಗಿನ ತೊಂದರೆಯನ್ನು ಮುಚ್ಚಿರಬಹುದು. ಮೀಟರ್ ಕಡಿಮೆ ತೋರಿಸುತ್ತಿದ್ದು ಕಾಲಿಡುವ ರಬ್ಬರು, ಬ್ರೇಕ್ ಪೆಡಲು ನುಣುಪಾಗಿ ಸವೆದಿದ್ದರೆ ಮೀಟರನ್ನು ನಂಬಬೇಡಿ. ಸ್ಪ್ರಾಕೆಟ್‌ನ, ಅಂದರೆ ಚೈನು ಸುತ್ತುವ ಹಲ್ಲುಚಕ್ರದ, ಹಲ್ಲುಗಳು ಒಂದೇ ಕಡೆಗೆ ಬಾಗಿ ಕೊಕ್ಕೆಯಂತಾಗಿದ್ದರೆ ಚೈನ್ ಸೆಟ್ಟನ್ನೇ ಬದಲಿಸಬೇಕು. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಿದಾಗ ನಡುವೆ ಎಲ್ಲೋ ಸಿಕ್ಕಿದಂತಾದರೆ ಸ್ಟೀರಿಂಗ್ ಬೇರಿಂಗ್ ಸವೆದಿದೆ ಎಂದರ್ಥ.

ಕೊನೆಯ ಹೆಜ್ಜೆಗಳು

ಹೊಸದಾಗಲಿ ಹಳೆಯದಾಗಲಿ, ಮನೆಗೂ ಕೆಲಸದ ಜಾಗಕ್ಕೂ ನಡುವೆ ಆ ಬೈಕನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆಯೇ, ಬ್ರೇಕ್ ಪ್ಯಾಡು, ಕ್ಲಚ್ ಕೇಬಲಿನಂಥ ಸಾಮಾನ್ಯ ಬಿಡಿಭಾಗಗಳು ಅಂದೇ ಸಿಗುತ್ತವೆಯೇ ವಿಚಾರಿಸಿ. ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಓಡಿಸಿದರೆ ವರ್ಷಕ್ಕೆ 9,000 ಕಿ.ಮೀ. ಆಗುತ್ತದೆ, ಸರ್ವಿಸ್ 3,000 ಕಿ.ಮೀ.ಗೊಮ್ಮೆ ಬೇಕಾದರೆ ವರ್ಷಕ್ಕೆ ಮೂರು ದಿನ ಬೈಕು ಇಲ್ಲದೆ ಇರಬೇಕು.

ಬೈಕನ್ನು ಒಪ್ಪಿಸಿಕೊಳ್ಳುವ ದಿನ ಹಗಲಿನಲ್ಲೇ ಹೋಗಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದ ಟೈರು. ಆಮೇಲೆ ಅಲ್ಲಿಯೇ ಸೀಟಿನ ಮೇಲೆ ಕೂತು, ಮೆಕ್ಯಾನಿಕ್ ಪಕ್ಕದಲ್ಲಿರುವಾಗಲೇ, ಕ್ಲಚ್ ಮತ್ತು ಬ್ರೇಕ್ ಲಿವರುಗಳು ನಿಮ್ಮ ಮುಂಗೈಯ ನೇರಕ್ಕೆ ಬರುವಂತೆ ತಿರುಗಿಸಿಕೊಳ್ಳಿ. ಸ್ಪ್ಯಾನರಿನಲ್ಲಿ ಎರಡು ನಿಮಿಷದ ಕೆಲಸ; ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.