ಊರಿಗೆ ರೆಸಾರ್ಟ್ ಬರ್ತದಂತೆ: ಜೆಸಿಬಿಗಿಂತ ಮೊದಲು ಮಾಡಬೇಕಾದ ಕೆಲಸಗಳು

ನಮ್ಮೂರಿಗೆ ಜೆಸಿಬಿ ಬಂದದ್ದು ಸರಿಯಾಗಿ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ. ಗಂಡಸರೆಲ್ಲ ತೋಟದಲ್ಲಿ, ಹೆಂಗಸರೆಲ್ಲ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಗುಡ್ಡದಾಚೆ ಗುರುಗುಟ್ಟುವ ಶಬ್ದ ಕೇಳಿ ಯಾರೋ ಕೆರೆ ತೋಡಿಸುತ್ತಿದ್ದಾರೆ ಅಂದುಕೊಂಡೆವು. ನಾಲ್ಕನೇ ದಿನ ನಲ್ಲಿಯಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದ ಒರತೆಯಿಂದ ಇಳಿದು ಬರುವ ನೀರು, ಕೆಂಪಗೆ ಬಂತು. ಆಗ ಹತ್ತಿ ನೋಡಿದರೆ ಜಾಗ ಸಪಾಟಾಗಿತ್ತು. ಫಾಲ್ಸಿಗೆ ಇಳಿಯುವ ದಾರಿಗೆ ಹಗ್ಗ ಕಟ್ಟಿತ್ತು.

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಒಳಗಡೆಯ 42 ಮನೆಗಳ ಊರು ನಮ್ಮದು. ನಾನು ಒಂದು ಅವಧಿಗೆ ಗ್ರಾಮ ಪಂಚಾಯತಿ ಸದಸ್ಯೆಯಾಗಿದ್ದವಳು, ಮಹಿಳಾ ಮೀಸಲಾತಿಯಲ್ಲಿ ಗೆದ್ದವಳು. ಸದಸ್ಯೆಯಾಗಿದ್ದಾಗ ಕಲಿಯದ್ದನ್ನು ಆಮೇಲಿನ ಮೂರು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿ ಕಲಿತೆ. ಈಗ ಬೇರೆ ಊರಿನವರು ಫೋನ್ ಮಾಡಿ "ಅಕ್ಕಾ, ನಮ್ಮಲ್ಲೂ ಬಂದಿದೆ, ಏನು ಮಾಡೋದು?" ಅಂತ ಕೇಳುತ್ತಾರೆ. ಪ್ರತಿ ಸಲ ಒಂದೇ ಕಥೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ "ಯಾರು ಮಾಡಿಸ್ತಿದಾರೆ?" ಅಂತಲ್ಲ. "ಫೈಲು ಎಲ್ಲಿದೆ?" ಅಂತ. ಕೃಷಿ ಜಮೀನಿನಲ್ಲಿ ರೆಸಾರ್ಟ್ ಕಟ್ಟಬೇಕಾದರೆ ಭೂ ಪರಿವರ್ತನೆ ಆಗಬೇಕು, ಅಂದರೆ ಕನ್ವರ್ಷನ್. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಂ. ಅದು ಜಿಲ್ಲಾಧಿಕಾರಿ ಕಚೇರಿಯ ಕೆಲಸ. ಅದು ಆದಮೇಲೆ ಪಂಚಾಯತಿಯಲ್ಲಿ ಇ-ಸ್ವತ್ತು ಎಂಬ ಆಸ್ತಿ ದಾಖಲೆ, ಕಟ್ಟಡ ಪರವಾನಗಿ. ಕೊಳಚೆ ನೀರು ಬಿಡುವ ಹೋಟೆಲಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಬಾರ್ ಇಡುವುದಾದರೆ ಅಬಕಾರಿಯವರ ಸಿಎಲ್-7 ಪರವಾನಗಿ. ಫೈಲು ಒಂದೊಂದು ಮೇಜಿನ ಮೇಲೂ ಕೆಲವು ದಿನ ಕೂತಿರುತ್ತದೆ. ನಿಮ್ಮ ತಕರಾರು ಅರ್ಜಿ ಆ ಮೇಜಿಗೆ ಸಹಿ ಬೀಳುವ ಮುಂಚೆ ಮುಟ್ಟಿದರೆ ಅದನ್ನು ಉತ್ತರಿಸಬೇಕಾಗುತ್ತದೆ. ಸಹಿ ಬಿದ್ದ ಮಾರನೇ ದಿನ ಮುಟ್ಟಿದರೆ "ಮೇಲ್ಮನವಿ ಹೋಗಿ" ಅನ್ನುತ್ತಾರೆ. ನಾವು ಮೊದಮೊದಲು ಸೋತದ್ದಕ್ಕೆ ಅರ್ಧ ಕಾರಣ ಇದೇ: ಜಿಲ್ಲಾಧಿಕಾರಿಗೆ ಕೊಡಬೇಕಾದ ಅರ್ಜಿಯನ್ನು ಆರು ತಿಂಗಳು ಪಂಚಾಯತಿಯಲ್ಲೇ ಕೊಡುತ್ತ ಕೂತಿದ್ದೆವು.

ಇನ್ನೊಂದು ವಿಷಯ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ "ಹೊರಗಿನವರು ಹೇಗೆ ಕೊಂಡರು?" ಎಂದು ಕೂಗಾಡಿ ಪ್ರಯೋಜನವಿಲ್ಲ. ಖರೀದಿ ಪ್ರಶ್ನಿಸಬೇಡಿ, ಬಳಕೆ ಪ್ರಶ್ನಿಸಿ.

ಈಗ ಕಾಗದ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ತೋರಿಸುತ್ತದೆ. ಪಹಣಿ ತೆಗೆಸಿ. ಖರಾಬು, ಅಂದರೆ ಸಾಗುವಳಿಗೆ ಬಾರದ್ದೆಂದು ಬರೆದ ಜಾಗ, ಎಷ್ಟು ಗುಂಟೆ, ಅದು 'ಎ' ಖರಾಬೋ 'ಬಿ' ಖರಾಬೋ ನೋಡಿ. 'ಬಿ' ಆದರೆ ಅದು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ; ಮಾಲೀಕ ಬೇಲಿ ಹಾಕುವ ಹಾಗಿಲ್ಲ. ಆಮೇಲೆ ಭೂಮಾಪನ ಇಲಾಖೆಯಲ್ಲಿ ಗ್ರಾಮ ನಕಾಶೆಯ ನಕಲು ತೆಗೆದುಕೊಳ್ಳಿ. ನಮ್ಮ ಇಡೀ ಗಲಾಟೆ ಬೇರೆ ದಿಕ್ಕಿಗೆ ತಿರುಗಿದ್ದು ಈ ನಕಾಶೆಯಿಂದ. ರೆಸಾರ್ಟ್ ಜಾಗಕ್ಕೆ ನಕಾಶೆ ಕಂಡ ದಾರಿಯೇ ಇರಲಿಲ್ಲ! ಇದ್ದದ್ದು ಸೊಪ್ಪಿನ ಬೆಟ್ಟದೊಳಗೆ ನಾವು ದನ ಹೊಡೆದುಕೊಂಡು ಹೋಗುವ ಹಾದಿ. ಆ ಬೆಟ್ಟ ನಮಗೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲಿಕ್ಕೆ ಬಿಟ್ಟದ್ದು. ಕಾಗದದ ಮೇಲೆ ಅರಣ್ಯ. ಅಲ್ಲಿ ಇಪ್ಪತ್ತು ಅಡಿ ಅಗಲದ ರಸ್ತೆ ಮಾಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಅನುಮತಿ ಬೇಕು. ಅದನ್ನು ಯಾರೂ ಕೇಳಿರಲಿಲ್ಲ.

ಇದು ಸಣ್ಣ ಅಸ್ತ್ರವಲ್ಲ. ನಾಗರಹೊಳೆಯ ಕಾಡಿನೊಳಗೆ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ಸರ್ಕಾರ ಕಟ್ಟಡಗಳನ್ನು ಗುತ್ತಿಗೆ ಕೊಟ್ಟಾಗ ಅಲ್ಲಿನ ಆದಿವಾಸಿಗಳು ಬೀದಿಗೂ ಇಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯೇ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಅಂದಿತು.

ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ಎಲ್ಲರಿಗೂ ಗೊತ್ತು, ಆದರೆ ಹಾಕುವ ರೀತಿ ಗೊತ್ತಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ನಮ್ಮ ಊರಿನ ಮೇಷ್ಟ್ರೊಬ್ಬರು ಮೂರು ಪುಟ ಬರೆದರು. ಪರಿಸರ, ಪೂರ್ವಜರು, ಪಶ್ಚಿಮ ಘಟ್ಟ ಎಲ್ಲ ಇತ್ತು. ಅದು ವಾಪಸು ಬಂತು. ಆಮೇಲೆ ನಾನು ಬರೆದದ್ದು ಇಷ್ಟೇ:

"ಸರ್ವೆ ನಂ. ಇಂಥದ್ದರ ಭೂ ಪರಿವರ್ತನೆ ಕಡತದಲ್ಲಿರುವ ಅರ್ಜಿ, ನಕ್ಷೆ, ಕಂದಾಯ ನಿರೀಕ್ಷಕರ ಸ್ಥಳ ತನಿಖಾ ವರದಿ, ಅರಣ್ಯ ಇಲಾಖೆಯ ಅಭಿಪ್ರಾಯ ಮತ್ತು ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಒದಗಿಸುವುದು."

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಟಿಪ್ಪಣಿ ಹಾಳೆ ಕೇಳಲು ಮರೆಯಬೇಡಿ. ಯಾವ ಅಧಿಕಾರಿ ಯಾವ ದಿನ ಏನು ಬರೆದ ಅನ್ನುವುದೆಲ್ಲ ಇರುವುದು ಅಲ್ಲಿ. ನಮ್ಮ ಕಡತದ ಸ್ಥಳ ತನಿಖಾ ವರದಿಯಲ್ಲಿ "ಸದರಿ ಜಮೀನಿನಲ್ಲಿ ಯಾವುದೇ ಜಲಮೂಲ ಇರುವುದಿಲ್ಲ" ಅಂತಿತ್ತು. ಅಲ್ಲಿಂದ ನೂರು ಹೆಜ್ಜೆಗೆ ನಮ್ಮ ಅಬ್ಬಿಯ ತಲೆ! ವರದಿ ಬರೆದವರು ಸ್ಥಳಕ್ಕೆ ಬಂದಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ಏನೇ ಅರ್ಜಿ ಕೊಟ್ಟರೂ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. "ಸಾಹೇಬ್ರಿಗೆ ಕೈಯಲ್ಲೇ ಕೊಟ್ಟೆ" ಅನ್ನುವುದಕ್ಕೆ ಬೆಲೆಯಿಲ್ಲ.

ಈಗ ನೀರಿನ ಲೆಕ್ಕ. ನನಗೆ ಈ ಇಡೀ ಗಲಾಟೆಯಲ್ಲಿ ಹೆಮ್ಮೆ ಇರುವುದು ಇದೊಂದರ ಬಗ್ಗೆ. ನಮ್ಮ ಮಾವ ಹೇಳುತ್ತಿದ್ದರು, ಬೇಡ್ತಿ ನದಿಗೆ ವಿದ್ಯುತ್ ಅಣೆಕಟ್ಟಿನ ಯೋಜನೆ ಬಂದಾಗ ಶಿರಸಿಯವರು ಬರೀ ಘೋಷಣೆ ಕೂಗಲಿಲ್ಲ, ಮುಳುಗುವ ತೋಟ-ಗದ್ದೆಯ ಉತ್ಪನ್ನ ಎಷ್ಟು, ಬರುವ ಕರೆಂಟು ಎಷ್ಟು ಅಂತ ಲೆಕ್ಕ ಹಾಕಿಸಿದರು, 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿಸಿದರು ಅಂತ. ಆ ಯೋಜನೆ ನಿಂತಿತು. ನಮ್ಮ ಹತ್ತಿರ ವಿಜ್ಞಾನಿಗಳಿರಲಿಲ್ಲ. ಹದಿನೈದು ಲೀಟರಿನ ಬಕೆಟ್ ಇತ್ತು, ಮೊಬೈಲಿನಲ್ಲಿ ಗಡಿಯಾರ ಇತ್ತು. ಮೇ ತಿಂಗಳಲ್ಲಿ ಅಬ್ಬಿ ನೀರು ಬೀಳುವಲ್ಲಿ ಬಕೆಟ್ ಹಿಡಿದೆವು. ತುಂಬಲು ಒಂದು ನಿಮಿಷ ನಲವತ್ತೈದು ಸೆಕೆಂಡು. ಹಾಗಾದರೆ ದಿನಕ್ಕೆ ಸುಮಾರು 12,300 ಲೀಟರ್. ಊರಲ್ಲಿ 210 ಜನ. ಜಲಜೀವನ ಯೋಜನೆಯ ಲೆಕ್ಕದಲ್ಲಿ ತಲೆಗೆ 55 ಲೀಟರ್ ಹಿಡಿದರೆ 11,550 ಲೀಟರ್ ನಮಗೇ ಬೇಕು. ಕೊಟ್ಟಿಗೆಯ ದನಗಳು ಈ ಲೆಕ್ಕದಲ್ಲಿ ಬರಲೇ ಇಲ್ಲ. ರೆಸಾರ್ಟಿನ ನಕ್ಷೆಯಲ್ಲಿದ್ದ ಈಜುಕೊಳ ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, 1.2 ಮೀಟರ್ ಆಳ. ಅಂದರೆ 60,000 ಲೀಟರ್. ಇಡೀ ಊರಿನ ಐದು ದಿನದ ನೀರು. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು, ಬಕೆಟ್ ಹಿಡಿದ ಫೋಟೋ ಅಂಟಿಸಿ ಜಿಲ್ಲಾಧಿಕಾರಿಗೆ ಕೊಟ್ಟೆವು. ಅಲ್ಲಿಯವರೆಗೆ ನಮ್ಮ ಮುಖ ನೋಡದೆ ಮಾತಾಡುತ್ತಿದ್ದವರು ಆ ಹಾಳೆಯನ್ನು ಎರಡು ಸಲ ಓದಿದರು.

ಆಮೇಲೆ ಗ್ರಾಮಸಭೆ. ಕೋರಂ, ಅಂದರೆ ಸಭೆಗೆ ಕನಿಷ್ಠ ಇರಬೇಕಾದ ಜನ, ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಹೆಚ್ಚಿನ ಕಡೆ ಗ್ರಾಮಸಭೆ ಅಂದರೆ ಫಲಾನುಭವಿಗಳ ಪಟ್ಟಿ ಓದಿ ಚಹಾ ಕುಡಿದು ಹೋಗುವ ಸಭೆ. ನೀವು ನೂರು ಜನ ಕೂತರೆ ಅದರ ಕಳೆಯೇ ಬೇರೆ. ಠರಾವು ಬಾಯಲ್ಲಿ ಹೇಳಬೇಡಿ. ಮನೆಯಲ್ಲೇ ಬರೆದುಕೊಂಡು ಹೋಗಿ, ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಸಹಿಯಾದ ನಕಲು ಅದೇ ವಾರ ತೆಗೆದುಕೊಳ್ಳಿ. "ರೆಸಾರ್ಟ್ ಬೇಡ" ಅಂತಷ್ಟೇ ಬರೆಸಿದರೆ ನಾಳೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಯಾವ ಸರ್ವೆ ನಂಬರ್, ಯಾವ ಹಳ್ಳ, ಯಾವ ದಾರಿ, ಯಾವ ಕಾರಣ ಅಂತ ಬರೆಸಬೇಕು. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ನಿಂತದ್ದು 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದಾದ ಮೇಲೊಂದು ಬೇಡ ಅಂದದ್ದರಿಂದ. ಅಲ್ಲಿ ಸುಪ್ರೀಂ ಕೋರ್ಟಿನ ಆದೇಶ, ಅರಣ್ಯ ಹಕ್ಕು ಕಾಯ್ದೆ ಎರಡರ ಬಲವಿತ್ತು. ನಮ್ಮ ಠರಾವಿಗೆ ಅಷ್ಟು ಬಲವಿಲ್ಲ. ಆದರೂ ಕಡತದಲ್ಲಿ ಅದು ಇರಲೇಬೇಕು.

ದೊಡ್ಡ ಯೋಜನೆಯಾದರೆ, ಅಂದರೆ ಬಂದರು, ಅಣೆಕಟ್ಟು, ಗಣಿ, ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ಕರೆಯುತ್ತದೆ. 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಸಭೆಯ ವಿಡಿಯೋ ಆಗಬೇಕು. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಗೆ ಹೀಗೇ ಸಭೆ ಕರೆದಾಗ ಜನ ಬಂದು ಮುಖದ ಮೇಲೆ ಹೇಳಿದರು. ರೆಸಾರ್ಟಿಗೆ ಈ ಭಾಗ್ಯ ಇಲ್ಲ. ಕೇಂದ್ರದ 2006ರ ಪರಿಸರ ಅಧಿಸೂಚನೆಯಲ್ಲಿ ಕಟ್ಟಡಕ್ಕೆ ಪರಿಸರ ಅನುಮತಿ ಬೇಕಾಗುವುದೇ 20,000 ಚದರ ಮೀಟರಿನ ಮೇಲೆ. ನಮ್ಮ ಕಡೆಯ ರೆಸಾರ್ಟುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಸಣ್ಣದಾಗಿ ಬಂದು ವರ್ಷಕ್ಕೆರಡು ಕಾಟೇಜು ಏರಿಸುತ್ತಾರೆ. ಪರವಾನಗಿ ಹೋಮ್‌ಸ್ಟೇಯದ್ದು, ನಡೆಸುವುದು ಹೋಟೆಲು. ಹೋಮ್‌ಸ್ಟೇ ಅಂದಮೇಲೆ ಮನೆಯವರು ಅಲ್ಲೇ ಇರಬೇಕು, ಕೋಣೆ ಐದು ಮೀರಬಾರದು. ಬಾಗಿಲು ಎಣಿಸಿ, ಪ್ರವಾಸೋದ್ಯಮ ಇಲಾಖೆಗೆ ಬರೆಯಿರಿ.

ಕೊನೆಯ ದಾರಿ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ಪೀಠ. ತಕರಾರಿಗೆ ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ನಾವು ಹೋಗಲಿಲ್ಲ. ವಕೀಲರ ಖರ್ಚು ಕೇಳಿಯೇ ಊರು ತಣ್ಣಗಾಯಿತು.

ಇನ್ನು ಯಾವ ಕಾನೂನು ಪುಸ್ತಕದಲ್ಲೂ ಇಲ್ಲದ್ದು. ಜಾಗ ಮಾರಿದವರು ನಿಮ್ಮ ಊರಿನವರೇ. ನಮ್ಮಲ್ಲಿ ಅದು ಕೆಳಗಿನಮನೆ ಭಾವ. ಮೊದಲ ಸಭೆಯಲ್ಲಿ ಹುಡುಗರು ಅವರನ್ನು "ಊರು ಮಾರಿದವ" ಅಂದುಬಿಟ್ಟರು. ಅವರು ಎದ್ದುಹೋದರು, ಹೋದ ಸಿಟ್ಟಿಗೆ ಉಳಿದ ಎರಡೆಕರೆಯನ್ನೂ ಅದೇ ಪಾರ್ಟಿಗೆ ಕೊಡುವ ಮಾತಾಡಿದರು. ನಾನು ಒಂದು ಸಂಜೆ ಹೋಗಿ ಜಗುಲಿಯಲ್ಲಿ ಕೂತೆ. "ಎಂತ ಮಾಡ್ಲೇ ತಂಗಿ, ಮಗ ಊರಿಗೆ ಬತ್ನಿಲ್ಲೆ. ಎನ್ನ ಕೈಲಿ ಆಗ್ತಿಲ್ಲೆ" ಅಂದರು. ಕೊಳೆರೋಗದಲ್ಲಿ ಎರಡು ವರ್ಷದ ಬೆಳೆ ಉದುರಿತ್ತು, ಸೊಸೈಟಿ ಸಾಲ ಕುತ್ತಿಗೆಗೆ ಬಂದಿತ್ತು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಡೆಗೆ ಊರಿನ ಮೂವರು ಸೇರಿ ಆ ಎರಡೆಕರೆ ತೋಟವನ್ನು ಗೇಣಿಯ ಹಾಗೆ ನೋಡಿಕೊಳ್ಳುತ್ತೇವೆ ಅಂದದ್ದಕ್ಕೆ ಅವರು ನಿಂತರು. ಹಳೇ ದಾರಿಯ ಬಗ್ಗೆ ತಹಶೀಲ್ದಾರರ ಮುಂದೆ ಹೇಳಿಕೆ ಕೊಟ್ಟವರೂ ಅವರೇ. ಮಾರಿದವರನ್ನು ಬೈಯುವ ಮುಂಚೆ ಅವರ ಮನೆಗೊಮ್ಮೆ ಹೋಗಿ ಬನ್ನಿ.

ಜೆಸಿಬಿ ಮುಂದೆ ಮಲಗುವ ಕೆಲಸ ಬೇಡ. ನಮ್ಮ ಇಬ್ಬರು ಹುಡುಗರು ಚಾವಿ ಕಿತ್ತುಕೊಂಡರು, ಈಗಲೂ ತಿಂಗಳಿಗೊಮ್ಮೆ ಕೋರ್ಟಿಗೆ ಅಲೆಯುತ್ತಾರೆ. ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಬ್ಬರ ಹೆಸರು ಹಿಡಿದು ಬರೆಯುವುದೂ ಬೇಡ. ಯಾರೋ ಒಬ್ಬರು ಸ್ಕ್ರೀನ್‌ಶಾಟ್ ಕಳಿಸಿಯೇ ಕಳಿಸುತ್ತಾರೆ.

ಒಂದು ಮುಜುಗರದ ಸಂಗತಿಯನ್ನೂ ಹೇಳಬೇಕು. ಪಶ್ಚಿಮ ಘಟ್ಟ ಉಳಿಸಲು ಬಂದ ಕಸ್ತೂರಿರಂಗನ್ ವರದಿ ಬೇಡ ಅಂತ ಇದೇ ಗ್ರಾಮಸಭೆಯಲ್ಲಿ ಕೈ ಎತ್ತಿದವರು ನಾವೇ, ನಾನೂ ಸೇರಿ. ರೆಸಾರ್ಟಿನವರ ವಕೀಲ ಆ ಠರಾವಿನ ನಕಲು ತೋರಿಸಿ "ಅಮ್ಮಾ, ಆವತ್ತು ಅಭಿವೃದ್ಧಿ ಬೇಕಿತ್ತು, ಇವತ್ತು ಬೇಡವಾ?" ಅಂದ. ಮೈಯೆಲ್ಲ ಉರಿಯಿತು, ಆದರೆ ಅವನು ಹೇಳಿದ್ದು ಸುಳ್ಳಲ್ಲ. ಹಾಗೇ, ಪ್ರವಾಸಿಗರೇ ಬೇಡ ಅನ್ನುವವರು ನಾವಲ್ಲ. ಊರಲ್ಲಿ ಎರಡು ಮನೆಯವರು ಹೋಮ್‌ಸ್ಟೇ ಇಟ್ಟಿದ್ದಾರೆ, ಮೂವರು ಜೀಪು ಓಡಿಸುತ್ತಾರೆ. ಏನು ಬೇಡ ಅನ್ನುವುದರ ಜೊತೆ ಏನು ಬೇಕು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮೊದಲ ಪ್ರಶ್ನೆಗೇ ತಡವರಿಸುತ್ತೀರಿ. ನಾವು ಗ್ರಾಮ ಅರಣ್ಯ ಸಮಿತಿಯಿಂದ ಫಾಲ್ಸಿನ ದಾರಿಗೆ ಗೇಟು ಇಟ್ಟು, ಗಾಡಿಗೆ ಶುಲ್ಕ, ಸಂಜೆ ಐದರ ಮೇಲೆ ಬಂದ್, ಬಾಟಲಿ ತಪಾಸಣೆ ಮಾಡಿದೆವು. ಗದ್ದೆಯಲ್ಲಿ ಬಿಯರ್ ಬಾಟಲಿ ಚೂರು ಕಾಲಿಗೆ ಹೊಕ್ಕು ಆರು ಹೊಲಿಗೆ ಹಾಕಿಸಿಕೊಂಡ ಮೇಲಿನಮನೆ ಅತ್ತಿಗೆಯೇ ಶನಿವಾರ-ಭಾನುವಾರ ಗೇಟಿನಲ್ಲಿ ಕೂರುತ್ತಾರೆ. ಅವರ ಕಣ್ಣು ತಪ್ಪಿಸಿ ಬಾಟಲಿ ದಾಟಿಸಿದವರನ್ನು ನಾನಿನ್ನೂ ಕಂಡಿಲ್ಲ.

ರೆಸಾರ್ಟ್ ಏನಾಯಿತು ಅಂದರೆ, ರಸ್ತೆ ಇಲ್ಲವೆಂದು ಫೈಲು ವಾಪಸಾಯಿತು. ರದ್ದಾಗಲಿಲ್ಲ, ವಾಪಸಾಯಿತು. ಜಾಗ ಈಗ ಮತ್ತೊಬ್ಬರ ಹೆಸರಿಗೆ ಹೋಗಿದೆ, ತಂತಿಬೇಲಿ ಬಿದ್ದಿದೆ, ಸಪಾಟು ಮಾಡಿದ ಕಡೆ ಯುಪಟೋರಿಯಂ ಕಳೆ ಎದೆಮಟ್ಟ ಬೆಳೆದಿದೆ. ತಿಂಗಳಿಗೊಮ್ಮೆ ಪಹಣಿ ತೆಗೆದು ನೋಡುತ್ತೇನೆ. ಈ ಮೇ ತಿಂಗಳಲ್ಲೂ ಬಕೆಟ್ ಹಿಡಿದೆವು. ಒಂದು ನಿಮಿಷ ಐವತ್ತೆರಡು ಸೆಕೆಂಡು.