ಕೈ ಎತ್ತಂಗಿಲ್ಲ, ರೌಂಡ್ ಹೊಡೆಸಂಗಿಲ್ಲ: ಜೂನಿಯರ್ ಕ್ಲಬ್ಬಲ್ಲಿ ನನ್ನ ಅನುಭವ

ಬೆಂಗಳೂರು ಸೌತ್ ಕಡೆ ಒಂದು ಚಿಕ್ಕ ಕ್ರಿಕೆಟ್ ಕ್ಲಬ್ಬಲ್ಲಿ ಅಂಡರ್ 14, ಅಂಡರ್ 16 ಹುಡುಗ್ರಿಗೆ ಕೋಚಿಂಗ್ ಮಾಡ್ತೀನಿ, ಮ್ಯಾಟಿಂಗ್ ವಿಕೆಟ್ಟು, ಎರಡು ನೆಟ್ಸು, ಕಿಟ್ ಇಡೋಕೆ ಒಂದು ಶೆಡ್ಡು, ಅಷ್ಟೇ ನಮ್ಮ ಆಸ್ತಿ. ಅಡ್ಮಿಷನ್‌ಗೆ ಬರೋ ಅಪ್ಪಂದಿರು ಫೀಸ್ ಎಷ್ಟು ಅಂತ ಕೇಳಿದ ಮೇಲೆ ಹೇಳೋ ಎರಡನೇ ಮಾತು ಏನ್ಗೊತ್ತಾ, "ಮಾತು ಕೇಳ್ಲಿಲ್ಲ ಅಂದ್ರೆ ಎರಡು ಬಿಡಿ ಸಾರ್, ನಾವೇನೂ ಅನ್ಕೊಳಲ್ಲ". ಹಂಗಾಗಿ ನಾವು ಬರೆದ ಮೊದಲನೇ ರೂಲೇ ಇದು: ಕೋಚ್ ಕೈ ಎತ್ತಂಗಿಲ್ಲ, ಅಪ್ಪನೇ ಹೇಳಿದ್ರೂ ಎತ್ತಂಗಿಲ್ಲ.

ಅದು ಸುಲಭ ಇತ್ತು. ಕಷ್ಟ ಆಗಿದ್ದು ಶಿಕ್ಷೆ ಅಂತ ಮೈದಾನದ ಸುತ್ತ ರೌಂಡ್ ಹೊಡೆಸೋದು ಬಿಡಿಸೋಕೆ. ಕ್ಯಾಚ್ ಬಿಟ್ರೆ ಐದು ರೌಂಡು, ಲೇಟಾಗ್ ಬಂದ್ರೆ ಹತ್ತು, ಸಮ್ಮರ್ ಕ್ಯಾಂಪಲ್ಲಿ ಏಪ್ರಿಲ್ ಬಿಸ್ಲಲ್ಲೂ ಅದೇ, ನಮ್ಮ ಸೀನಿಯರ್ ಕೋಚ್‌ಗಳೆಲ್ಲ ಹಂಗೇ ಬೆಳೆದು ಬಂದೋರು, "ನಮ್ಗೇನಾಯ್ತು ಈಗ" ಅಂತಾರೆ. ಅದರ ಬದ್ಲು ಗಲಾಟೆ ಮಾಡಿದ ಹುಡುಗನ್ನ ಸ್ಕೋರರ್ ಪಕ್ಕ ಕೂರಿಸಿ ಬುಕ್ ಬರಿಸೋಕೆ ಶುರು ಮಾಡಿದ್ವಿ. ಪ್ರಾಕ್ಟೀಸ್ ಮ್ಯಾಚಲ್ಲಿ ಅಂಪೈರಿಂಗೂ ಹುಡುಗ್ರೇ ಸರದಿ ಮೇಲೆ ಮಾಡ್ಬೇಕು. ಎಲ್ಬಿಡಬ್ಲ್ಯೂ ಕೊಡ್ಲಿಲ್ಲ ಅಂತ ಕೂಗಾಡಿದವನು ಮುಂದಿನ ವಾರ ತಾನೇ ಸ್ಟಂಪ್ ಹಿಂದೆ ನಿಂತು ಹನ್ನೊಂದು ಜನ ಮೈಮೇಲೆ ಬಂದಂಗೆ ಅಪೀಲ್ ಮಾಡಿದಾಗ ಬೆವರ್ತಾನೆ ನೋಡಿ, ಅದರ ಮುಂದೆ ನನ್ನ ಲೆಕ್ಚರ್ ಏನೂ ಅಲ್ಲ.

ಟಿವಿ ನೋಡಿ ಕಲಿತ ಸೆಂಡಾಫ್ (ಔಟಾದವನನ್ನ ಕೆಣಕಿ ಕಳಿಸೋದು), ಸ್ಲೆಡ್ಜಿಂಗು (ಎದುರಾಳಿನ ಮಾತಲ್ಲೇ ಕೆರಳಿಸೋದು), ಬ್ಯಾಟ್ ಬಿಸಾಕೋದು ಇದಕ್ಕೆಲ್ಲ ನಾವೇನೂ ಹೊಸದಾಗಿ ಕಂಡುಹಿಡೀಲಿಲ್ಲ. 2017ರ ಕ್ರಿಕೆಟ್ ಲಾ ಬುಕ್ಕಲ್ಲಿ 42ನೇ ರೂಲ್ ಆಟಗಾರರ ನಡತೆ ಬಗ್ಗೇನೇ ಇದೆ, ಸಣ್ಣ ತಪ್ಪಿಗೆ ಮೊದಲು ವಾರ್ನಿಂಗ್, ಅದೇ ಟೀಮು ಮತ್ತೆ ಮಾಡಿದ್ರೆ ಎದುರು ಟೀಮಿಗೆ 5 ರನ್, ತೀರಾ ಜಾಸ್ತಿಯಾದ್ರೆ ಮೈದಾನದಿಂದಲೇ ಹೊರಗೆ. ನಮ್ಮೊಳಗಿನ ಮ್ಯಾಚಲ್ಲೂ ಆ 5 ರನ್ ಕೊಟ್ಟೇ ಕೊಡ್ತೀವಿ. ಅದರಿಂದ ಸೋತ ಟೀಮ್ ಕ್ಯಾಪ್ಟನ್ನೇ ಆಮೇಲೆ ಆ ಹುಡುಗನ ಹತ್ರ ಮಾತಾಡ್ತಾನೆ, ಆದ್ರೆ ಅಲ್ಲೂ ಒಬ್ಬ ಕೋಚ್ ಇರ್ಬೇಕು, ಇಲ್ಲಾಂದ್ರೆ ಅದು ಬೇರೆ ರೂಪಕ್ಕೆ ತಿರುಗತ್ತೆ.

ಫಾಸ್ಟ್ ಬೌಲರ್‌ಗಳದ್ದು ಇನ್ನೊಂದು ಕಥೆ. ಹದಿಮೂರರ ಹುಡುಗ, ಶನಿವಾರ ಸ್ಕೂಲ್ ಟೀಮು, ಭಾನುವಾರ ನಮ್ ಟೀಮು, ಮಧ್ಯೆ ಇನ್ನೊಂದು ಅಕಾಡೆಮಿ ನೆಟ್ಸು, ಎಲ್ಲ ಸೇರಿ ಎಷ್ಟು ಓವರ್ ಹಾಕ್ದ ಅಂತ ಯಾರಿಗೂ ಲೆಕ್ಕ ಇಲ್ಲ, ಬೆನ್ನು ನೋವು ಅಂದ್ರೆ ಸೋಮಾರಿ ಅಂತಾರೆ, ಆ ವಯಸ್ಸಿನ ಬೆನ್ನುಮೂಳೆಲಿ ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಒತ್ತಡ ಬಿದ್ದು ಆಗೋ ಸಣ್ಣ ಬಿರುಕು) ಆಗೋದೇ ಹಿಂಗೆ. ಇಂಗ್ಲೆಂಡ್ ಬೋರ್ಡ್ ಹಿಂದೆ ಹಾಕಿದ್ದ ಲೆಕ್ಕದಲ್ಲಿ ಅಂಡರ್ 13ಗೆ ಒಂದು ಸ್ಪೆಲ್ಲಿಗೆ (ರೆಸ್ಟ್ ಕೊಡೋ ಮುಂಚೆ ಒಂದೇ ಸಲಕ್ಕೆ ಹಾಕೋ ಬೌಲಿಂಗ್) 5 ಓವರ್, ದಿನಕ್ಕೆ 10, ಅದನ್ನೇ ಇಟ್ಕೊಂಡ್ವಿ. ಎಲ್ಲೆಲ್ಲಿ ಎಷ್ಟು ಹಾಕಿದಾನೆ ಅಂತ ಅಮ್ಮ ಒಂದು ನೋಟ್‌ಬುಕ್ಕಲ್ಲಿ ಬರೆದು ಕಳಿಸ್ಬೇಕು (ಅಪ್ಪಂದಿರು ಕಮ್ಮಿ ಬರೀತಾರೆ, ಅನುಭವದ ಮಾತು).

ವಯಸ್ಸು ಮುಚ್ಚಿಡೋದನ್ನೂ ನಾನು ಮಕ್ಕಳಿಗೆ ಪೆಟ್ಟಾಗೋ ಇದೇ ಲಿಸ್ಟಿಗೆ ಸೇರಿಸ್ತೀನಿ. 2015ರಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ದ್ರಾವಿಡ್ ಈ ಬಗ್ಗೆ ಖಡಕ್ಕಾಗಿ ಮಾತಾಡಿದ್ರು, ಮೋಸ ಅನ್ನೋದು ಒಂದ್ಕಡೆ ಇರ್ಲಿ, ಹದಿನಾರರ ಹುಡುಗ ಅಂಡರ್ 14 ಅಂತ ಬಂದು ಎದೆ, ತಲೆ ಎತ್ತರಕ್ಕೆ ಏಳೋ ಶಾರ್ಟ್ ಬಾಲ್ ಹಾಕಿದ್ರೆ ಎದುರಿಗಿರೋ ಮಗು ಗತಿ ಏನು?

ಇನ್ನು ಮುಖ್ಯವಾದ್ದು. ಮಗು ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಕಮಿಟಿ ಕರೆದು ಒಳಗೊಳಗೇ ವಿಚಾರಣೆ ಮಾಡೋಕೆ ನಾವ್ಯಾರೂ ಅಲ್ಲ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ರೆ ಅದೇ ಅಪರಾಧ. "ಕ್ಲಬ್ ಹೆಸರು ಹಾಳಾಗತ್ತೆ" ಅಂತ ಒಬ್ರು ಮೀಟಿಂಗಲ್ಲಿ ಅಂದ್ರು, ಕಾಯ್ದೆ ಪ್ರಿಂಟ್ ತೆಗೆದು ಅವರ ಕೈಗೇ ಕೊಟ್ಟೆ. ಮಕ್ಕಳ ಸಹಾಯವಾಣಿ 1098 ನಂಬರನ್ನ ಶೆಡ್ ಬಾಗಿಲಿಗೆ ದಪ್ಪಕ್ಷರದಲ್ಲಿ ಅಂಟಿಸಿದೀವಿ. ಕೋಚ್‌ಗಳು ಹುಡುಗ್ರಿಗೆ ಪರ್ಸನಲ್ಲಾಗಿ ವಾಟ್ಸಾಪ್ ಮಾಡಂಗಿಲ್ಲ, ಏನಿದ್ರೂ ಪೇರೆಂಟ್ಸ್ ಗ್ರೂಪಲ್ಲೇ.

ಬೇರೆ ಊರಿಗೆ ಟೂರ್ನಮೆಂಟಿಗೆ ಹೋದ್ರೆ ಮಕ್ಕಳ ರೂಮಲ್ಲಿ ಕೋಚ್ ಮಲಗಂಗಿಲ್ಲ, ಕನಿಷ್ಠ ಒಬ್ರು ಪೇರೆಂಟ್ ಜೊತೆಗೆ ಬರ್ಬೇಕು, ಆ ಖರ್ಚು ಎಲ್ಲರ ಮೇಲೆ ಹಂಚ್ತೀವಿ. ಯಾರೂ ಸಿಗ್ಲಿಲ್ಲ ಅಂದ್ರೆ ಟೀಮ್ ಕಳಿಸಲ್ಲ, ಹೋದ ವರ್ಷ ಒಂದು ಟೂರ್ನಮೆಂಟ್ ಹಿಂಗೇ ಬಿಟ್ವಿ, ಹುಡುಗ್ರು ಅದಕ್ಕೆ ಇನ್ನೂ ಮುಖ ಊದಿಸ್ಕೊಂಡಿದಾರೆ.